ಹಾಟ್ ರಾಡ್: ಸ್ಟಿಯರಿಂಗ್ ಮತ್ತು ಚಾಸಿಯ ನಟ್ಟು-ಬೋಲ್ಟುಗಳ ಭದ್ರತೆ

ಹಳೆಯ ಕಾರೊಂದರ ಚಾಸಿಯನ್ನೋ ಬಾಡಿಯನ್ನೋ ಉಳಿಸಿಕೊಂಡು, ಮೂಲಕ್ಕಿಂತ ಎಷ್ಟೋ ಪಟ್ಟು ಶಕ್ತಿಯ ಎಂಜಿನ್ ಕೂರಿಸಿ, ಆಕ್ಸಲ್, ಬ್ರೇಕು, ಸ್ಟಿಯರಿಂಗ್‌ಗಳನ್ನು ಬೇರೆ ಬೇರೆ ವಾಹನಗಳಿಂದ ತಂದು ಜೋಡಿಸಿದ ಗಾಡಿಗೆ ಹಾಟ್ ರಾಡ್ ಎಂದು ಹೆಸರು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಈ ಹವ್ಯಾಸ ಇಂದು ಆಸ್ಟ್ರೇಲಿಯ, ನ್ಯೂಜಿಲೆಂಡ್, ಸ್ವೀಡನ್, ಬ್ರಿಟನ್‌ಗಳಲ್ಲೂ ಬೇರೂರಿದೆ. ಕಾರ್ಖಾನೆಯ ಕಾರಿನಲ್ಲಿ ಯಾವ ಬೋಲ್ಟು ಎಲ್ಲಿ ಕೂರಬೇಕು, ಎಷ್ಟು ಬಿಗಿಯಾಗಬೇಕು ಎಂಬುದನ್ನು ಎಂಜಿನಿಯರುಗಳ ತಂಡವೊಂದು ಮೊದಲೇ ನಿರ್ಧರಿಸಿರುತ್ತದೆ. ಹಾಟ್ ರಾಡ್‌ನಲ್ಲಿ ಆ ಹೊಣೆ ಪೂರ್ತಿಯಾಗಿ ಕಟ್ಟುವವನದು. ಅದರಲ್ಲೂ ಸ್ಟಿಯರಿಂಗ್ ಮತ್ತು ಮುಂದಿನ ಆಕ್ಸಲನ್ನು ಚಾಸಿಗೆ ಹಿಡಿದಿಡುವ ನಟ್ಟು-ಬೋಲ್ಟುಗಳು ಈ ವಿದ್ಯೆಯಲ್ಲೊಂದು ಪ್ರತ್ಯೇಕ ಅಧ್ಯಾಯವೇ ಆಗಿವೆ.

ಹಿನ್ನೆಲೆ

1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ, ಅದರ ನಂತರ ಬಂದ ಮಾಡೆಲ್ ಎ, 1932ರ ವಿ-8 ಫೋರ್ಡ್, ಇವು ಮೂರೂ ಹಾಟ್ ರಾಡ್‌ನ ಮೂಲ ಸಾಮಗ್ರಿ. ಅಗ್ಗದ ಬೆಲೆಗೆ ಎಂಟು ಸಿಲಿಂಡರ್ ಕೊಟ್ಟ 1932ರ ಫೋರ್ಡ್‌ಗೆ ಹವ್ಯಾಸಿಗಳಲ್ಲಿ ‘ಡ್ಯೂಸ್’ ಎಂಬ ಅಡ್ಡಹೆಸರಿದೆ. ಕಾರ್ಖಾನೆಯಿಂದ ಹೊರಟಾಗ ಅದರ ಎಂಜಿನ್ನಿನ ಶಕ್ತಿ 65 ಅಶ್ವಶಕ್ತಿ ಮಾತ್ರ. ಕ್ಯಾಲಿಫೋರ್ನಿಯದ ಮುರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಕೆರೆಯಂಗಳಗಳಲ್ಲಿ ಯುವಕರು ಈ ಕಾರುಗಳ ಮಡ್‌ಗಾರ್ಡ್, ಬಾನೆಟ್ ಕಳಚಿ ಓಡಿಸುತ್ತಿದ್ದರು. 1937ರಲ್ಲಿ ಅಲ್ಲಿನ ಕ್ಲಬ್ಬುಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಪತ್ರಿಕೆ ಹೊರಬಂತು. ಅದರ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಬೀದಿಯ ರೇಸನ್ನು ತಡೆದು, ತಪಾಸಣೆ ಮುಗಿಸಿದ ಗಾಡಿಗಳನ್ನು ಮಾತ್ರ ಟ್ರ್ಯಾಕಿಗೆ ಬಿಡುವುದು ಈ ಸಂಸ್ಥೆಯ ಮೊದಲ ಗುರಿಗಳಲ್ಲಿ ಒಂದಾಗಿತ್ತು.

ಎಂಜಿನ್ ಬದಲಾದಷ್ಟು ವೇಗವಾಗಿ ಚಾಸಿ ಬದಲಾಗಲಿಲ್ಲ. ತೊಡಕು ಶುರುವಾದದ್ದು ಇಲ್ಲಿಂದ. ಗಂಟೆಗೆ ಎಂಬತ್ತು, ತೊಂಬತ್ತು ಕಿ.ಮೀ. ವೇಗಕ್ಕೆಂದು ಮಾಡಿದ ಕಬ್ಬಿಣದ ಆಕ್ಸಲ್ಲು, ಅದರ ತೋಳುಗಳು, ಅವುಗಳ ಬೋಲ್ಟುಗಳು ಮೂರು-ನಾಲ್ಕು ಪಟ್ಟು ಶಕ್ತಿಯ ಎಂಜಿನ್ನನ್ನೂ ಅಗಲವಾದ ಟೈರುಗಳನ್ನೂ ಹೊರಬೇಕಾಯಿತು.

ಒಂದೇ ದಾರಿಯ ಜೋಡಣೆ

ಚಾಲಕನ ಕೈಯಿಂದ ರಸ್ತೆಯವರೆಗೆ ಸ್ಟಿಯರಿಂಗ್ ಹೀಗೆ ಸಾಗುತ್ತದೆ: ಚಕ್ರ, ಕಾಲಮ್, ಯುನಿವರ್ಸಲ್ ಜಾಯಿಂಟ್, ಶಾಫ್ಟು, ಸ್ಟಿಯರಿಂಗ್ ಬಾಕ್ಸ್, ಪಿಟ್‌ಮನ್ ಆರ್ಮ್, ಡ್ರ್ಯಾಗ್ ಲಿಂಕ್, ಸ್ಟಿಯರಿಂಗ್ ಆರ್ಮ್, ಸ್ಪಿಂಡಲ್, ಎರಡು ಚಕ್ರಗಳನ್ನು ಒಂದಕ್ಕೊಂದು ಕಟ್ಟಲು ಟೈ ರಾಡ್. ಇಷ್ಟೂ ಕೊಂಡಿಗಳು ಒಂದರ ಹಿಂದೆ ಒಂದು ನಿಂತಿವೆ. 1960ರ ದಶಕದ ಕೊನೆಯಿಂದ ಅಮೆರಿಕದ ಕಾರುಗಳ ಬ್ರೇಕಿನಲ್ಲಿ ಎರಡು ಪ್ರತ್ಯೇಕ ಸರ್ಕಿಟ್‌ಗಳು ಬಂದವು. ಒಂದು ಕೈಕೊಟ್ಟರೂ ಇನ್ನೊಂದು ಅರ್ಧ ಬ್ರೇಕನ್ನಾದರೂ ಉಳಿಸುತ್ತದೆ. ಸ್ಟಿಯರಿಂಗ್‌ಗೆ ಅಂಥ ಎರಡನೆಯ ದಾರಿ ಇಲ್ಲ. ಈ ಸಾಲಿನಲ್ಲಿ ಯಾವುದೇ ಒಂದು ನಟ್ಟು ಕಳಚಿದರೂ ಚಾಲಕನ ಕೈಯಲ್ಲಿ ಉಳಿಯುವುದು ಸುಮ್ಮನೆ ಸುತ್ತುವ ಚಕ್ರ.

ಆದ್ದರಿಂದ ಇಲ್ಲಿ ನಡೆದುಬಂದ ನಿಯಮ ಒಂದಿದೆ. ಬಿಗಿತವೊಂದನ್ನೇ ನಂಬಬಾರದು. ಭಾರವನ್ನು ಹೊರುವುದು ಟೇಪರ್ (ತುದಿಯತ್ತ ಸಣ್ಣದಾಗುವ ಇಳಿಜಾರು), ಸ್ಪ್ಲೈನ್ (ಒಂದರೊಳಗೊಂದು ಕೂರುವ ಹಲ್ಲುಗಳು) ಇಂಥ ಆಕಾರ. ಅದನ್ನು ಒತ್ತಿ ಹಿಡಿಯುವುದು ನಟ್ಟು. ನಟ್ಟು ತಿರುಗದಂತೆ ಕಾಯುವುದು ಮೂರನೆಯದೊಂದು ಲಾಕ್. ಮೂರರಲ್ಲಿ ಒಂದು ಸೋತರೂ ಉಳಿದೆರಡು ಗಾಡಿಯನ್ನು ಮನೆ ಮುಟ್ಟಿಸಬೇಕು.

ಟೇಪರ್ ಮತ್ತು ಸ್ಪ್ಲಿಟ್ ಪಿನ್

ಟೈ ರಾಡ್ ಎಂಡನ್ನು ಹತ್ತಿರದಿಂದ ನೋಡಿದರೆ ಈ ನಿಯಮ ಕಣ್ಣಿಗೇ ಕಾಣುತ್ತದೆ. ಬಾಲ್ ಜಾಯಿಂಟಿನ ಕಡ್ಡಿ ಮೇಲಕ್ಕೆ ಹೋದಂತೆ ಸಣ್ಣದಾಗುತ್ತದೆ. ಸ್ಟಿಯರಿಂಗ್ ಆರ್ಮಿನ ತೂತೂ ಅದೇ ಇಳಿಜಾರಿನಲ್ಲಿ ಕೊರೆದಿರುತ್ತದೆ. ನಟ್ಟು ಬಿಗಿದಾಗ ಕಡ್ಡಿ ತೂತಿನೊಳಗೆ ಬೆಣೆಯಂತೆ ಕಚ್ಚಿ ಕೂರುತ್ತದೆ. ಎಡಬಲದ ಹೊಡೆತವನ್ನೆಲ್ಲ ತಾಳಿಕೊಳ್ಳುವುದು ಈ ಕಚ್ಚುವಿಕೆ. ನಟ್ಟಿನ ಕೆಲಸ ಅದನ್ನು ಬಿಡದಂತೆ ಎಳೆದು ಹಿಡಿಯುವುದಷ್ಟೇ. ನಟ್ಟಿನ ತಲೆ ಕೋಟೆಯ ತೆನೆಗಳಂತೆ ಸೀಳಿರುತ್ತದೆ. ಆ ಸೀಳು ಕಡ್ಡಿಯ ತೂತಿಗೆ ಎದುರಾದಾಗ ಸ್ಪ್ಲಿಟ್ ಪಿನ್ ತೂರಿಸಿ ಕಾಲುಗಳನ್ನು ಮಡಚುತ್ತಾರೆ. ಎತ್ತಿನ ಗಾಡಿಯ ಚಕ್ರಕ್ಕೆ ಕಡಾಣಿ ಏನೋ ಟೈ ರಾಡಿಗೆ ಈ ಪಿನ್ನು ಅದು.

ತಪ್ಪು ನಡೆಯುವುದು ಸಣ್ಣ ಸಣ್ಣ ಕಡೆ. ಹೇಳಿದಷ್ಟು ಬಿಗಿ ಮುಟ್ಟಿದಾಗ ಸೀಳು-ತೂತು ಒಂದಕ್ಕೊಂದು ಎದುರಾಗದಿದ್ದರೆ, ಕೆಲವರು ನಟ್ಟನ್ನು ಹಿಂದಕ್ಕೆ ತಿರುಗಿಸಿ ಹೊಂದಿಸುತ್ತಾರೆ. ಅಲ್ಲಿಗೆ ಟೇಪರಿನ ಹಿಡಿತ ಹೋಯಿತು. ಮುಂದಿನ ಸೀಳಿಗೆ ಬರುವವರೆಗೆ ಇನ್ನಷ್ಟು ಬಿಗಿಯುವುದೇ ಸರಿಯಾದ ಕ್ರಮ. ಒಮ್ಮೆ ಬಿಚ್ಚಿದ ಸ್ಪ್ಲಿಟ್ ಪಿನ್ನನ್ನು ಮತ್ತೆ ಹಾಕುವಂತಿಲ್ಲ. ಮಡಚಿ ನೆಟ್ಟಗೆ ಮಾಡಿದ ತಂತಿ ಆ ಮಡಿಕೆಯಲ್ಲೇ ಮುರಿಯುತ್ತದೆ.

ಬೇರೆ ಬೇರೆ ಕಂಪನಿಗಳ ಭಾಗಗಳನ್ನು ಬೆರೆಸುವ ಹಾಟ್ ರಾಡ್‌ನಲ್ಲಿ ಇನ್ನೊಂದು ಅಪಾಯವಿದೆ. ಎಲ್ಲರ ಟೇಪರೂ ಒಂದೇ ಕೋನದ್ದಲ್ಲ. ಕೋನ ಹೊಂದದಿದ್ದರೆ ಕಡ್ಡಿ ತೂತಿನ ಒಂದು ಅಂಚನ್ನಷ್ಟೇ ಮುಟ್ಟಿ ನಿಲ್ಲುತ್ತದೆ. ನಟ್ಟು ಬಿಗಿಯಾಗಿಯೇ ಇರುತ್ತದೆ, ಆದರೆ ಒಳಗೆ ಕಡ್ಡಿ ಪ್ರತಿ ಗುಂಡಿಗೂ ಅಷ್ಟಷ್ಟು ಬಾಗುತ್ತ ದಣಿಯುತ್ತದೆ. ಅನುಭವಿಗಳು ಕಡ್ಡಿಗೆ ನೀಲಿ ಮಾರ್ಕಿಂಗ್ ಬಣ್ಣ ಹಚ್ಚಿ ತೂತಿಗೆ ಕೂರಿಸಿ ತೆಗೆದು ನೋಡುತ್ತಾರೆ. ಬಣ್ಣ ತೂತಿನ ಉದ್ದಕ್ಕೂ ಹತ್ತಿದ್ದರೆ ಸರಿ; ಬಳೆಯ ಹಾಗೆ ಒಂದೇ ಗೆರೆ ಮೂಡಿದ್ದರೆ ಟೇಪರ್ ರೀಮರ್ ಹಿಡಿಯಬೇಕು, ಇಲ್ಲವೇ ಆರ್ಮನ್ನೇ ಬದಲಿಸಬೇಕು.

ಕಾಲಮ್ ಮತ್ತು ಶಾಫ್ಟು

ಹಳೆಯ ಫೋರ್ಡ್‌ಗಳ ಸ್ಟಿಯರಿಂಗ್ ಕಾಲಮಿನಲ್ಲಿ ಬಾಕ್ಸಿನಿಂದ ಚಾಲಕನ ಎದೆಯವರೆಗೆ ಒಂದೇ ಉದ್ದನೆಯ ಉಕ್ಕಿನ ಸರಳು. ಮುಂದಿನಿಂದ ಡಿಕ್ಕಿಯಾದರೆ ಅದು ನೇರ ಹಿಂದಕ್ಕೆ ನುಗ್ಗುತ್ತಿತ್ತು. ಅಮೆರಿಕದ ಕೇಂದ್ರ ಸರ್ಕಾರದ 203 ಮತ್ತು 204ನೇ ಸುರಕ್ಷತಾ ಮಾನಕಗಳು 1968ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ ಹೊಸ ಕಾರುಗಳ ಕಾಲಮ್ ಹೊಡೆತಕ್ಕೆ ಕುಗ್ಗಲೇಬೇಕಾಯಿತು. ಗಂಟೆಗೆ 48 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿಸಿದಾಗ ಕಾಲಮ್ ಹಿಂದಕ್ಕೆ 127 ಮಿ.ಮೀ.ಗಿಂತ ಹೆಚ್ಚು ಸರಿಯಬಾರದೆಂಬುದು 204ರ ಷರತ್ತು. ಹಳೆಯ ಕಾರಿಗೆ ಈ ಕಾನೂನು ಅನ್ವಯಿಸದಿದ್ದರೂ, ಇಂದು ವಿವೇಕವುಳ್ಳ ಹವ್ಯಾಸಿ ಕುಗ್ಗುವ ಕಾಲಮನ್ನೇ ಹಾಕುತ್ತಾನೆ. ಶಾಫ್ಟನ್ನು ಯುನಿವರ್ಸಲ್ ಜಾಯಿಂಟುಗಳಿಂದ ಒಂದೆರಡು ಕಡೆ ಮುರಿದು ಓರೆಯಾಗಿ ಸಾಗಿಸಿದರೂ ಅದು ನೆಟ್ಟಗೆ ನುಗ್ಗುವುದು ತಪ್ಪುತ್ತದೆ.

ಹೀಗೆ ಶಾಫ್ಟನ್ನು ತುಂಡು ಮಾಡಿದ ಕೂಡಲೇ ಹೊಸ ಜೋಡಣೆಗಳು ಹುಟ್ಟಿಕೊಳ್ಳುತ್ತವೆ. ಸಾಮಾನ್ಯವಾಗಿ ಬಳಸುವುದು ‘ಡಬಲ್ ಡಿ’ ಶಾಫ್ಟು, ಎಂದರೆ ಎರಡು ಪಕ್ಕಗಳನ್ನು ಚಪ್ಪಟೆ ಮಾಡಿದ ದುಂಡು ಸರಳು. ಜಾಯಿಂಟಿನ ತೂತೂ ಅದೇ ಆಕಾರದ್ದಾದ್ದರಿಂದ ತಿರುಚುವ ಬಲವನ್ನು ಆ ಚಪ್ಪಟೆ ಪಕ್ಕಗಳೇ ಹೊರುತ್ತವೆ. ಶಾಫ್ಟು ಜಾರಿ ಹೊರಬರದಂತೆ ತಡೆಯುವುದು ಸೆಟ್ ಸ್ಕ್ರೂ. ಅದನ್ನು ನುಣುಪಾದ ಮೈಮೇಲೆ ಸುಮ್ಮನೆ ಒತ್ತಿ ಬಿಟ್ಟರೆ ಸಾಲದು. ಜಾಗ ಗುರುತಿಸಿ, ಶಾಫ್ಟಿನ ಮೇಲೆ ಡ್ರಿಲ್‌ನಿಂದ ಸಣ್ಣ ಗುಳಿ ತೋಡಿ, ಸ್ಕ್ರೂವಿನ ಮೊನೆ ಆ ಗುಳಿಯಲ್ಲಿ ಕೂರುವಂತೆ ಬಿಗಿದು, ಥ್ರೆಡ್‌ಗೆ ಲಾಕ್‌ಟೈಟ್ ಎಂಬ ಅಂಟು ಹಚ್ಚಿ, ಮೇಲೊಂದು ಚೆಕ್ ನಟ್ಟು ಹಾಕಬೇಕು. ಶಾಫ್ಟಿನ ತುದಿ ಜಾಯಿಂಟಿನ ಒಳಕ್ಕೆ ಚಾಚಿಕೊಂಡರೆ ತಿರುಗುವಾಗ ಅದು ಎದುರಿನ ಭಾಗಕ್ಕೆ ತಾಗಿ ಸ್ಟಿಯರಿಂಗ್ ಸಿಕ್ಕಿಕೊಳ್ಳುತ್ತದೆ. ಒಂದು ಜಾಯಿಂಟನ್ನು ಸುಮಾರು 35 ಡಿಗ್ರಿಗಿಂತ ಹೆಚ್ಚು ಬಾಗಿಸುವಂತಿಲ್ಲ. ಮೂರು ಜಾಯಿಂಟುಗಳು ಬಂದರೆ ನಡುವಿನ ಶಾಫ್ಟಿಗೆ ಚಾಸಿಗೆ ಕಟ್ಟಿದ ಬೇರಿಂಗ್ ಆಸರೆ ಕೊಡಲೇಬೇಕು. ಇಲ್ಲದಿದ್ದರೆ ಅದು ಚಾಟಿಯಂತೆ ಆಡುತ್ತದೆ.

ಶಾಫ್ಟನ್ನು ಕತ್ತರಿಸಿ ಬೆಸೆಯುವುದರ ಪರಿಣಾಮ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ರೇಸಿಂಗ್ ಲೋಕದ ಪ್ರಸಿದ್ಧ ಉದಾಹರಣೆ 1994ರ ಮೇ 1ರದು. ಇಟಲಿಯ ಇಮೋಲಾದಲ್ಲಿ ಅಯರ್ಟನ್ ಸೆನ್ನಾ ಅಪಘಾತದಲ್ಲಿ ಸತ್ತಾಗ, ಅವರ ಫಾರ್ಮುಲಾ ಒನ್ ಕಾರಿನ ಮುರಿದ ಸ್ಟಿಯರಿಂಗ್ ಕಾಲಮಿನಲ್ಲಿ ಲೋಹ ದಣಿದ ಗುರುತುಗಳಿದ್ದವು. ಕಾಲಮನ್ನು ಮೊದಲೇ ಕತ್ತರಿಸಿ, ಕಡಿಮೆ ವ್ಯಾಸದ ಕೊಳವೆಯ ತುಂಡೊಂದನ್ನು ನಡುವೆ ಬೆಸೆಯಲಾಗಿತ್ತು. ಅದು ಡಿಕ್ಕಿಗೆ ಮೊದಲೇ ಮುರಿಯಿತೋ ಡಿಕ್ಕಿಯಲ್ಲಿ ಮುರಿಯಿತೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. 2007ರಲ್ಲಿ ಇಟಲಿಯ ನ್ಯಾಯಾಲಯ ಕಾಲಮಿನ ಮುರಿತವೇ ಅಪಘಾತಕ್ಕೆ ಕಾರಣವೆಂದು ಹೇಳಿತು.

ಬೋಲ್ಟಿನ ತಲೆಯ ಮೇಲಿನ ಗುರುತು

ಬೋಲ್ಟಿನ ಶಕ್ತಿ ಅದರ ತಲೆಯ ಮೇಲೆಯೇ ಬರೆದಿರುತ್ತದೆ. ಅಮೆರಿಕದ ಇಂಚು ಬೋಲ್ಟುಗಳಲ್ಲಿ ಯಾವ ಗೆರೆಯೂ ಇಲ್ಲದಿದ್ದರೆ ಅದು ಗ್ರೇಡ್ 2. ನಡುವಿನಿಂದ ಹೊರಟ ಮೂರು ಗೆರೆಗಳಿದ್ದರೆ ಗ್ರೇಡ್ 5. ಆರು ಇದ್ದರೆ ಗ್ರೇಡ್ 8. ಗ್ರೇಡ್ 5 ಚದರ ಇಂಚಿಗೆ ಕನಿಷ್ಠ 1,20,000 ಪೌಂಡ್ ಎಳೆತವನ್ನು ತಡೆದುಕೊಳ್ಳುತ್ತದೆ, ಗ್ರೇಡ್ 8 ಕನಿಷ್ಠ 1,50,000 ಪೌಂಡನ್ನು. ನಮ್ಮಲ್ಲಿ ಸಿಗುವ ಮೆಟ್ರಿಕ್ ಬೋಲ್ಟುಗಳಲ್ಲಿ 8.8 ಎಂಬುದು ಹೆಚ್ಚುಕಡಿಮೆ ಗ್ರೇಡ್ 5ಕ್ಕೆ, 10.9 ಎಂಬುದು ಗ್ರೇಡ್ 8ಕ್ಕೆ ಸಮ. ಈ ಅಂಕಿಗಳನ್ನು ಓದುವುದೂ ಸುಲಭ: 8.8ರಲ್ಲಿ ಮೊದಲ 8 ಎಂದರೆ 800 ಮೆಗಾಪಾಸ್ಕಲ್ ಎಳೆತದ ಶಕ್ತಿ. ಚುಕ್ಕಿಯ ಮುಂದಿನ 8 ಎಂದರೆ ಅದರ ಶೇ. 80ರಷ್ಟಾದಾಗ ಬೋಲ್ಟು ಶಾಶ್ವತವಾಗಿ ಹಿಗ್ಗತೊಡಗುತ್ತದೆ ಎಂದರ್ಥ. ಗುರುತಿಲ್ಲದ ಬೋಲ್ಟಿಗೆ ಸ್ಟಿಯರಿಂಗ್‌ನಲ್ಲಾಗಲಿ ಆಕ್ಸಲ್ಲಿನಲ್ಲಾಗಲಿ ಜಾಗವಿಲ್ಲ.

ಗ್ಯಾರೇಜುಗಳಲ್ಲಿ ಒಂದು ಹಳೆಯ ವಾದವಿದೆ. ಗ್ರೇಡ್ 8 ಗಡಸು, ಅದು ತಟ್ಟನೆ ತುಂಡಾಗುತ್ತದೆ. ಗ್ರೇಡ್ 5 ಬಾಗಿ ಮುನ್ಸೂಚನೆ ಕೊಡುತ್ತದೆ, ಅದೇ ಲೇಸು ಎಂಬುದು ಆ ವಾದ. ಲೆಕ್ಕ ಬೇರೆ ಹೇಳುತ್ತದೆ. ಗ್ರೇಡ್ 8 ಬೋಲ್ಟು ಬಾಗಲು ತೊಡಗುವುದೇ ಚದರ ಇಂಚಿಗೆ 1,30,000 ಪೌಂಡಿನ ಹೊತ್ತಿಗೆ. ಕನಿಷ್ಠ ಶಕ್ತಿಯ ಗ್ರೇಡ್ 5 ಬೋಲ್ಟು ಅಷ್ಟರಲ್ಲಿ ಮುರಿದೇ ಹೋಗಿರುತ್ತದೆ. ಅಡ್ಡ ಕತ್ತರಿಸುವ ಬಲಕ್ಕೆ ಬೋಲ್ಟಿನ ತಡೆ ಎಳೆತದ ಶಕ್ತಿಯ ಸುಮಾರು ಶೇ. 60 ಎಂದು ಹಿಡಿದರೆ, ಅರ್ಧ ಇಂಚಿನ ಗ್ರೇಡ್ 5 ಬೋಲ್ಟು ಥ್ರೆಡ್ ಇಲ್ಲದ ಜಾಗದಲ್ಲಿ ಸುಮಾರು 14,000 ಪೌಂಡ್ ತಡೆದರೆ ಗ್ರೇಡ್ 8 ಸುಮಾರು 17,700 ಪೌಂಡ್ ತಡೆಯುತ್ತದೆ. ಸರಿಯಾದ ಅಳತೆಯ ಗ್ರೇಡ್ 5 ಹಲವು ಕಡೆ ಸಾಕಾಗುತ್ತದೆ ನಿಜ. ಆದರೆ ಅದು ಗ್ರೇಡ್ 8ಕ್ಕಿಂತ ಸುರಕ್ಷಿತ ಎಂಬ ನಂಬಿಕೆಗೆ ಆಧಾರವಿಲ್ಲ.

ಗುರುತನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 1980ರ ದಶಕದಲ್ಲಿ ಗ್ರೇಡ್ 8ರ ಆರು ಗೆರೆ ಹೊತ್ತ, ಆದರೆ ಕೀಳು ಉಕ್ಕಿನ ಬೋಲ್ಟುಗಳು ಅಮೆರಿಕದ ಮಾರುಕಟ್ಟೆಗೆ ರಾಶಿಗಟ್ಟಲೆ ಬಂದವು. ಸಂಸತ್ತಿನ ಸಮಿತಿಯೊಂದು ತನಿಖೆ ನಡೆಸಿ 1988ರಲ್ಲಿ ವರದಿ ಕೊಟ್ಟಿತು. 1990ರಲ್ಲಿ ಬೋಲ್ಟುಗಳ ಗುಣಮಟ್ಟಕ್ಕೆಂದೇ ಕಾಯ್ದೆ ಬಂತು. ಗ್ರೇಡಿನ ಗೆರೆಗಳ ಜತೆಗೆ ತಯಾರಕರ ಗುರುತೂ ಬೋಲ್ಟಿನ ತಲೆಯ ಮೇಲೆ ಇರಬೇಕೆಂಬುದು ಅದರ ಮುಖ್ಯ ಅಂಶ. ಬರೀ ಗೆರೆಗಳಿದ್ದು ತಯಾರಕರ ಗುರುತೇ ಇಲ್ಲದ ಬೋಲ್ಟನ್ನು ಅಂದಿನಿಂದ ಅನುಮಾನದಿಂದಲೇ ನೋಡುತ್ತಾರೆ.

ನಟ್ಟು ಸಡಿಲವಾಗುವುದು ಹೇಗೆ

ಬಿಗಿದ ಬೋಲ್ಟು ಎಂದರೆ ಅಷ್ಟಿಷ್ಟು ಹಿಗ್ಗಿ ನಿಂತ ಸ್ಪ್ರಿಂಗ್. ಅದರ ಎಳೆತ ಎರಡು ತಟ್ಟೆಗಳನ್ನು ಒತ್ತಿ ಹಿಡಿಯುತ್ತದೆ. ಆ ಒತ್ತಡದ ಘರ್ಷಣೆಯೇ ಅವು ಒಂದರ ಮೇಲೊಂದು ಜಾರದಂತೆ ನೋಡಿಕೊಳ್ಳುತ್ತದೆ. ಟಾರ್ಕ್ ರೆಂಚಿಗೆ ಹಾಕಿದ ಶಕ್ತಿಯಲ್ಲಿ ಸುಮಾರು ಶೇ. 90 ಘರ್ಷಣೆಗೇ ಖರ್ಚಾಗಿ, ಬೋಲ್ಟನ್ನು ಹಿಗ್ಗಿಸಲು ಸಿಗುವುದು ಹತ್ತಿರ ಹತ್ತಿರ ಶೇ. 10. ಹಾಗಾಗಿ ಥ್ರೆಡ್ ತುಕ್ಕು ಹಿಡಿದಿದ್ದರೆ ರೆಂಚು ‘ಟಕ್’ ಎಂದರೂ ಬೋಲ್ಟು ಬಿಗಿಯಾಗಿರುವುದಿಲ್ಲ. ಎಣ್ಣೆ ಹಚ್ಚಿದ್ದರೆ ಅದೇ ಟಾರ್ಕಿಗೆ ಮಿತಿಮೀರಿ ಹಿಗ್ಗುತ್ತದೆ.

ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯದಲ್ಲಿ ದಿಕ್ಕು ಬದಲಿಸಿದವು. ಬೋಲ್ಟಿನ ಉದ್ದಕ್ಕೆ ಬರುವ ಅದುರಿಗಿಂತ ಅಡ್ಡಡ್ಡ ಬರುವ ಅದುರೇ ನಟ್ಟನ್ನು ಬಿಚ್ಚುತ್ತದೆ ಎಂದು ಅವರು ತೋರಿಸಿದರು. ತಟ್ಟೆಗಳು ಕೂದಲೆಳೆಯಷ್ಟು ಜಾರಿದರೂ ಥ್ರೆಡ್‌ನ ಘರ್ಷಣೆ ಆ ಕ್ಷಣಕ್ಕೆ ಇಲ್ಲವಾಗಿ ನಟ್ಟು ತನ್ನಷ್ಟಕ್ಕೆ ಹಿಂದಕ್ಕೆ ತಿರುಗುತ್ತದೆ. ಎಲ್ಲ ಅಂಗಡಿಗಳಲ್ಲೂ ಸಿಗುವ ಸೀಳಿದ ಸ್ಪ್ರಿಂಗ್ ವಾಷರ್ ಇಂಥ ಪರೀಕ್ಷೆಗಳಲ್ಲಿ ಹೆಚ್ಚೇನೂ ತಡೆ ಒಡ್ಡುವುದಿಲ್ಲ.

ಆದ್ದರಿಂದ ಹಾಟ್ ರಾಡ್‌ನಲ್ಲಿ ಬಳಸುವ ಲಾಕ್‌ಗಳು ಬೇರೆ. ನೈಲಾನ್ ಉಂಗುರದ ನೈಲಾಕ್ ನಟ್ಟು ಅವುಗಳಲ್ಲೊಂದು, ಆದರೆ ಎಕ್ಸಾಸ್ಟ್ ಪೈಪಿನ ಹತ್ತಿರ ಅದು ಸಲ್ಲದು. ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೈಲಾನ್ ಮೆತ್ತಗಾಗುತ್ತದೆ. ಅಲ್ಲಿ ಪೂರ್ತಿ ಲೋಹದ ಲಾಕ್ ನಟ್ಟು ಬೇಕು. ನಟ್ಟು ಹಾಕಲಾಗದ ಕುರುಡು ತೂತಿನಲ್ಲಿ ಬೋಲ್ಟಿನ ತಲೆಗೆ ತೂತು ಕೊರೆದು, ಬಿಗಿಯುವ ದಿಕ್ಕಿಗೇ ಎಳೆಯುವಂತೆ ಉಕ್ಕಿನ ತಂತಿ ಹೆಣೆಯುತ್ತಾರೆ. ಇದು ವಿಮಾನದ ಕಾರ್ಯಾಗಾರದಿಂದ ಬಂದ ಕ್ರಮ. ಲಾಕ್ ಯಾವುದೇ ಇರಲಿ, ನಟ್ಟಿನಿಂದ ಆಚೆಗೆ ಬೋಲ್ಟಿನ ಕನಿಷ್ಠ ಎರಡು ಸುತ್ತು ಥ್ರೆಡ್ ಕಾಣುತ್ತಿರಬೇಕು.

ಚಾಸಿಯ ಕಡೆ

1932ರ ಫೋರ್ಡ್ ಚಾಸಿಯ ಉದ್ದುದ್ದ ಹಳಿಗಳು ಒಂದು ಪಕ್ಕ ತೆರೆದ ಸಿ ಆಕಾರದವು. ಹೊಸ ಎಂಜಿನ್ನಿನ ತಿರುಚುವ ಬಲಕ್ಕೆ ಅವು ಬಾಗದಂತೆ ತೆರೆದ ಪಕ್ಕಕ್ಕೆ ತಗಡು ಬೆಸೆದು ಪೆಟ್ಟಿಗೆಯ ಆಕಾರ ಕೊಡುತ್ತಾರೆ. ಸ್ಟಿಯರಿಂಗ್ ಬಾಕ್ಸನ್ನು ಅದಕ್ಕೇ ಬೋಲ್ಟು ಹಾಕಿ ಕಟ್ಟುವಾಗ ಒಂದು ಬಲೆ ಕಾದಿರುತ್ತದೆ. ಟೊಳ್ಳು ಪೆಟ್ಟಿಗೆಗೆ ಆರಪಾರ ಬೋಲ್ಟು ತೂರಿಸಿ ಬಿಗಿದರೆ ಎರಡು ಗೋಡೆಗಳೂ ಒಳಕ್ಕೆ ಕುಸಿಯುತ್ತ ಹೋಗಿ, ಬೋಲ್ಟು ಎಂದಿಗೂ ಸರಿಯಾಗಿ ಹಿಗ್ಗುವುದಿಲ್ಲ. ಗೋಡೆಯಿಂದ ಗೋಡೆಗೆ ದಪ್ಪ ಕೊಳವೆಯ ಸ್ಲೀವ್ ಬೆಸೆದು, ಅದರೊಳಗೆ ಬೋಲ್ಟು ಹಾಯಿಸುವುದೇ ಇದಕ್ಕೆ ಪರಿಹಾರ.

ಬೋಲ್ಟಿಗೆ ಒಂದೇ ಪಕ್ಕದ ಆಸರೆ ಇದೆಯೋ ಎರಡೂ ಪಕ್ಕದ್ದೋ ಎಂಬುದು ಇನ್ನೊಂದು ಮುಖ್ಯ ಪ್ರಶ್ನೆ. ಬ್ರಾಕೆಟ್ಟಿನ ಎರಡು ಕಿವಿಗಳ ನಡುವೆ ರಾಡು ಕೂತರೆ ಬೋಲ್ಟು ಎರಡು ಕಡೆ ಭಾರ ಹಂಚಿಕೊಳ್ಳುತ್ತದೆ. ಒಂದೇ ಕಿವಿಯಿಂದ ಹೊರಕ್ಕೆ ಚಾಚಿದ ಬೋಲ್ಟಿನ ತುದಿಗೆ ರಾಡು ನೇತುಬಿಟ್ಟರೆ ಕತ್ತರಿಸುವ ಬಲದ ಜತೆಗೆ ಬಾಗಿಸುವ ಬಲವೂ ಸೇರುತ್ತದೆ, ಮುರಿಯುವುದು ಸಾಮಾನ್ಯವಾಗಿ ಥ್ರೆಡ್‌ನ ಬುಡದಲ್ಲಿ. ಕತ್ತರಿಸುವ ಬಲ ಬೀಳುವ ಜಾಗದಲ್ಲಿ ಥ್ರೆಡ್ ಇರದಂತೆ, ನುಣುಪು ಮೈ ಇರುವಷ್ಟು ಉದ್ದದ ಬೋಲ್ಟನ್ನೇ ಆರಿಸಬೇಕೆನ್ನುವುದು ಇದಕ್ಕೇ.

ಹೈಮ್ ಜಾಯಿಂಟ್ ಎಂದೂ ಬ್ರಿಟನ್ನಿನಲ್ಲಿ ರೋಸ್ ಜಾಯಿಂಟ್ ಎಂದೂ ಕರೆಯುವ ಗುಂಡು ಬೇರಿಂಗಿನ ರಾಡ್ ಎಂಡ್‌ಗಳನ್ನು ಹವ್ಯಾಸಿಗಳು ಧಾರಾಳವಾಗಿ ಬಳಸುತ್ತಾರೆ. ಸವೆದಾಗ ಒಳಗಿನ ಗುಂಡು ತನ್ನ ಮನೆಯಿಂದ ಪೂರ್ತಿ ಕಿತ್ತು ಬರುವುದು ಇವುಗಳ ದೋಷ. ಹೊರಪಕ್ಕದಲ್ಲಿ ಬೇರಿಂಗಿನ ಬಾಯಿಗಿಂತ ಅಗಲವಾದ ವಾಷರ್ ಒಂದನ್ನು ಹಾಕಿದರೆ ಗುಂಡು ಕಳಚಿದರೂ ರಾಡು ಬೋಲ್ಟಿನಿಂದ ಜಾರುವುದಿಲ್ಲ. ಡ್ರ್ಯಾಗ್ ರೇಸಿನ ನಿಯಮಗಳಲ್ಲಿ ಈ ವಾಷರ್ ಕಡ್ಡಾಯ.

ಮುಂದಿನ ಆಕ್ಸಲ್ಲಿನಲ್ಲಿ ಫೋರ್ಡ್‌ನ ಮೂಲ ವಿನ್ಯಾಸಕ್ಕೆ ಒಂದು ಜಾಣ್ಮೆಯಿತ್ತು. ವಿಷ್‌ಬೋನ್ ಎಂಬ ವಿ ಆಕಾರದ ತೋಳು ಹಿಂದೆ ಒಂದೇ ಗುಂಡಿನ ಮೇಲೆ ಕೂರುತ್ತಿತ್ತು. ಒಂದು ಚಕ್ರ ಏರಿದರೆ ಇಡೀ ಆಕ್ಸಲ್ ಆ ಗುಂಡಿನ ಸುತ್ತ ಹೊರಳುತ್ತಿತ್ತು. ದೊಡ್ಡ ಎಂಜಿನ್‌ಗೆ ಜಾಗ ಮಾಡಲು ಹವ್ಯಾಸಿಗಳು ಆ ವಿ ಅನ್ನು ಸೀಳಿ ಎರಡು ತುದಿಗಳನ್ನು ಚಾಸಿಯ ಎರಡು ಪಕ್ಕಕ್ಕೆ ಕಟ್ಟಿದರು. ಆಗ ಒಂದು ಚಕ್ರ ಏರಿದರೆ ಆಕ್ಸಲ್ಲೇ ತಿರುಚಿಕೊಳ್ಳಬೇಕಾಗುತ್ತದೆ. ಬಡಿದು ಮಾಡಿದ ಐ ಆಕಾರದ ಆಕ್ಸಲ್ ಅಷ್ಟಿಷ್ಟು ತಿರುಚಿಕೊಂಡು ಕೊಡುತ್ತದೆ. ಕೊಳವೆಯ ಆಕ್ಸಲ್ ಕೊಡುವುದಿಲ್ಲ. ಆ ಹೊಡೆತವೆಲ್ಲ ತೋಳಿನ ಬ್ರಾಕೆಟ್ಟು, ಬೋಲ್ಟು, ಬೆಸುಗೆಗಳ ಮೇಲೆ ಬೀಳುತ್ತದೆ. ಕೊಳವೆಯ ಆಕ್ಸಲ್ಲಿಗೆ ರಬ್ಬರ್ ಬುಷ್ ಇರುವ ನಾಲ್ಕು ತೋಳುಗಳ ಜೋಡಣೆಯನ್ನು ಬಲ್ಲವರು ಸೂಚಿಸುವುದು ಇದೇ ಕಾರಣಕ್ಕೆ.

ಹೊಳಪಿನ ಬೆಲೆ

ಪ್ರದರ್ಶನಕ್ಕೆ ನಿಂತ ಹಾಟ್ ರಾಡ್‌ನ ಮುಂಭಾಗ ಕನ್ನಡಿಯಂತೆ ಹೊಳೆಯುತ್ತದೆ. ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟುಗಳು ತುಕ್ಕು ಹಿಡಿಯುವುದಿಲ್ಲ, ಆದರೆ ಶಕ್ತಿಯಲ್ಲಿ ಗ್ರೇಡ್ 5ಕ್ಕಿಂತ ಕೆಳಗಿವೆ. ಕ್ರೋಮ್ ಲೇಪನದ ತೊಂದರೆ ಇನ್ನೂ ಗುಟ್ಟಾದದ್ದು. ಲೇಪನದ ತೊಟ್ಟಿಯಲ್ಲಿ ಹುಟ್ಟುವ ಹೈಡ್ರೋಜನ್ ಗಡಸು ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಬೋಲ್ಟು ಬಿಗಿದಾಗ ಚೆನ್ನಾಗಿಯೇ ಇದ್ದು, ಗಂಟೆಗಳೋ ದಿನಗಳೋ ಕಳೆದ ಮೇಲೆ ನಿಂತಲ್ಲೇ ತಲೆ ಹಾರುತ್ತದೆ. 12.9 ದರ್ಜೆಯ ಆಲನ್ ಬೋಲ್ಟುಗಳಂಥ ಅತಿ ಗಡಸಿನವಕ್ಕೆ ಈ ಅಪಾಯ ಹೆಚ್ಚು. ಲೇಪನವಾದ ಕೂಡಲೇ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸಿದರೆ ಹೈಡ್ರೋಜನ್ ಹೊರಬೀಳುತ್ತದೆ. ಅಲಂಕಾರದ ಕ್ರೋಮ್ ಮಾಡುವ ಎಲ್ಲರೂ ಇದನ್ನು ಮಾಡುವುದಿಲ್ಲ.

ತಪಾಸಣೆ ಮತ್ತು ಕಾನೂನು

ಅಮೆರಿಕದಲ್ಲಿ 1970ರಲ್ಲಿ ಹುಟ್ಟಿದ ನ್ಯಾಷನಲ್ ಸ್ಟ್ರೀಟ್ ರಾಡ್ ಅಸೋಸಿಯೇಷನ್ 23 ಅಂಶಗಳ ಸ್ವಯಂಪ್ರೇರಿತ ತಪಾಸಣೆ ನಡೆಸುತ್ತದೆ. ಸ್ಟಿಯರಿಂಗ್ ಅದರಲ್ಲಿ ಪ್ರಮುಖ. ನ್ಯೂಜಿಲೆಂಡಿನಲ್ಲಿ ಮನೆಯಲ್ಲಿ ಕಟ್ಟಿದ ಗಾಡಿ ರಸ್ತೆಗಿಳಿಯಲು ಅಧಿಕೃತ ಪರೀಕ್ಷಕರ ಪ್ರಮಾಣಪತ್ರ ಕಡ್ಡಾಯ. ಬೋಲ್ಟಿನ ದರ್ಜೆಯಿಂದ ಬೆಸುಗೆಯವರೆಗೆ ವಿವರಿಸುವ ದಪ್ಪ ಕೈಪಿಡಿಯೇ ಅಲ್ಲಿದೆ. ಸ್ವೀಡನ್ನಿನಲ್ಲಿ ಕಟ್ಟುವವರ ಸಂಘದ ಪರೀಕ್ಷಕರು ಗಾಡಿ ನೋಡಿದ ಮೇಲೆಯೇ ಸರ್ಕಾರಿ ನೋಂದಣಿ.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಹಾಗಾಗಿ ಅಮೆರಿಕದ ಅರ್ಥದ ಹಾಟ್ ರಾಡ್ ಸಂಸ್ಕೃತಿ ಇಲ್ಲಿನ ರಸ್ತೆಗಳಲ್ಲಿ ಬೆಳೆದಿಲ್ಲ. ಆದರೆ ಇದೇ ವಿದ್ಯೆಯನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೇರೆ ಬಾಗಿಲಿನಿಂದ ಕಲಿಯುತ್ತಿದ್ದಾರೆ. ಫಾರ್ಮುಲಾ ಸ್ಟೂಡೆಂಟ್, ಬಾಹಾ ಸ್ಪರ್ಧೆಗಳಿಗೆ ಸ್ವಂತ ಕಾರು ಕಟ್ಟುವ ತಂಡಗಳಲ್ಲಿ ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ಹೆಸರಾದದ್ದು. ಫಾರ್ಮುಲಾ ಸ್ಟೂಡೆಂಟ್ ನಿಯಮಾವಳಿ ಸ್ಟಿಯರಿಂಗ್, ಬ್ರೇಕು, ಸಸ್ಪೆನ್ಷನ್‌ಗಳ ಬೋಲ್ಟುಗಳಿಗೆ ಕನಿಷ್ಠ 8.8 ದರ್ಜೆ, ಕಣ್ಣಿಗೆ ಕಾಣುವ ಲಾಕ್, ನಟ್ಟಿನಾಚೆ ಎರಡು ಸುತ್ತು ಥ್ರೆಡ್, ರಾಡ್ ಎಂಡಿಗೆ ಎರಡೂ ಪಕ್ಕದ ಆಸರೆ ಅಥವಾ ಅಗಲದ ವಾಷರ್ ಬೇಕೆನ್ನುತ್ತದೆ.

ಕಟ್ಟಿದ ಗಾಡಿಯನ್ನು ಕೊಳ್ಳುವವರು ಎಂಜಿನ್ ಸದ್ದು ಕೇಳುವ ಮೊದಲು ಮುಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ ಅಲ್ಲಾಡಿಸಿ ನೋಡಬೇಕು. ಒಬ್ಬರು ಸ್ಟಿಯರಿಂಗ್ ಆಡಿಸುವಾಗ ಇನ್ನೊಬ್ಬರು ಕೆಳಗೆ ಮಲಗಿ ಪ್ರತಿ ಜೋಡಣೆಯನ್ನೂ ಗಮನಿಸಬೇಕು. ಹೊಸದಾಗಿ ಕಟ್ಟಿದ್ದಾದರೆ ಬಿಗಿದ ಪ್ರತಿ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಬಣ್ಣದ ಗೆರೆ ಎಳೆದು, ಮೊದಲ ಕೆಲವು ಓಟಗಳ ನಂತರ ಆ ಗೆರೆ ಮುರಿದಿದೆಯೇ ಎಂದು ಪರೀಕ್ಷಿಸಬೇಕು. ಸ್ಪ್ಲಿಟ್ ಪಿನ್ ಇಲ್ಲದ ಟೈ ರಾಡ್, ತಲೆಯ ಮೇಲೆ ಗುರುತಿಲ್ಲದ ಬೋಲ್ಟು, ಬೆಸೆದ ಸ್ಟಿಯರಿಂಗ್ ಆರ್ಮ್, ಈ ಮೂರರಲ್ಲಿ ಒಂದು ಕಂಡರೂ ಆ ಗಾಡಿಯನ್ನು ಓಡಿಸಿಕೊಂಡು ಹೋಗದೆ ಟ್ರಕ್ಕಿನ ಮೇಲೆ ಹೇರಿಕೊಂಡು ಹೋಗುವುದೇ ಸರಿ.